ಮೋಟರ್ ಚೆನ್ನಾಗಿದೆ, ಮೊಬೈಲ್ ಸ್ಟಾರ್ಟರ್ ಸತ್ತಿದೆ: ಹಳೇ ಬಾಕ್ಸ್ ಉಳಿಸಿಕೊಳ್ಳೋದು ಹೇಗೆ?



ನಾನು ಮೈಸೂರಿನಲ್ಲಿ ಪಂಪ್‌ಸೆಟ್ ಪ್ಯಾನಲ್ ಬೋರ್ಡ್, ಮೊಬೈಲ್ ಸ್ಟಾರ್ಟರ್ ರಿಪೇರಿ ಮಾಡ್ತೀನಿ. ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಕಡೆಯಿಂದ ಬರುವ ಹುಡುಗರು ಬಾಕ್ಸನ್ನು ಟೇಬಲ್ ಮೇಲಿಟ್ಟು ಕೇಳೋದು ಒಂದೇ ಮಾತು: "ಅಣ್ಣಾ, ಮೋಟರ್ ಸರಿ ಇದೆ, ಕರೆಂಟೂ ಇದೆ. ರಿಂಗ್ ಕೊಟ್ರೆ ಮಾತ್ರ ಆನ್ ಆಗ್ತಿಲ್ಲ. ಹೊಸದೇ ತಗೋಬೇಕಾ?"

ಎಷ್ಟೋ ಸಲ ಬೇಡ. ಆದರೆ ಬೇಸಿಗೆಯಲ್ಲಿ ಬಾಕ್ಸ್ ಕೆಟ್ಟ ಮೇಲೆ ಯೋಚಿಸೋಕೆ ಕೂತರೆ ಬಾಳೆ ಕಾಯುವುದಿಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಹಾವು, ಆನೆ ಭಯದಲ್ಲೇ ಬೋರ್ ಹತ್ತಿರ ಹೋಗಬೇಕು. ಅದಕ್ಕೇ ಬಾಕ್ಸ್ ಚೆನ್ನಾಗಿರುವಾಗಲೇ ಮಾಡಿಕೊಳ್ಳಬೇಕಾದ ತಯಾರಿಯನ್ನು ಈ ವಾರ ನೋಡೋಣ.

ಜಾವಾ ಓಡ್ತಿದೆ, ಬಾಕ್ಸ್ ಯಾಕೆ ನಿಲ್ಲುತ್ತೆ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೂ ಜಾವಾ, ಯೆಜ್ಡಿ ಬೈಕುಗಳು ಇವತ್ತಿಗೂ ನಮ್ಮ ರಸ್ತೆಯಲ್ಲಿವೆ. ಕಾರಣ ಸರಳ. ಅದರ ಭಾಗ ಕಣ್ಣಿಗೆ ಕಾಣುತ್ತೆ, ಅಳತೆ ತಗೊಂಡು ಲೇತ್‌ನಲ್ಲಿ ಮಾಡಿಸಬಹುದು. ಕೆಲಸ ಬಲ್ಲ ಮೆಕ್ಯಾನಿಕ್‌ಗಳೂ ಉಳಿದಿದ್ದಾರೆ.

ಮೊಬೈಲ್ ಸ್ಟಾರ್ಟರ್ ಹಾಗಲ್ಲ. ಅದರ ಚಿಪ್ಪಿನೊಳಗೆ ಕಾಣದ ಪ್ರೋಗ್ರಾಂ ಇರುತ್ತೆ. ಸಾಮಾನ್ಯವಾಗಿ ಅದಕ್ಕೆ ಲಾಕ್ ಹಾಕಿರ್ತಾರೆ, ನಕಲು ಮಾಡೋಕೆ ಆಗಲ್ಲ. ಹೀಗಾಗಿ ಬಾಕ್ಸ್ ಮೂರು ಕಡೆಯಿಂದ ಹಳೇದಾಗುತ್ತೆ:

1. ನೆಟ್‌ವರ್ಕ್ ಹೋಗುತ್ತೆ. ಹಳೇ ಬಾಕ್ಸುಗಳಲ್ಲಿ ಹೆಚ್ಚಿನವು 2ಜಿ. ಆಸ್ಟ್ರೇಲಿಯಾದಲ್ಲಿ 2018ರ ಹೊತ್ತಿಗೆ 2ಜಿ ಪೂರ್ತಿ ನಿಂತಿತು, 2024ರಲ್ಲಿ 3ಜಿಯೂ ನಿಂತಿತು. ನಮ್ಮಲ್ಲಿ ಏರ್‌ಟೆಲ್ 3ಜಿಯನ್ನು ಮೊದಲೇ ನಿಲ್ಲಿಸಿ 2ಜಿ ಉಳಿಸಿಕೊಂಡಿದೆ. ಆದರೆ ಅದು ಶಾಶ್ವತ ಅಂತ ನಂಬಿ ಕೂರಬೇಡಿ.
2. ಬಿಡಿಭಾಗ ಹೋಗುತ್ತೆ. ಸಿಮ್900 ಅನ್ನೋ ಮಾಡ್ಯೂಲ್ ಒಂದು ಕಾಲಕ್ಕೆ ತುಂಬಾ ಬಳಕೆಯಲ್ಲಿತ್ತು. ಅದರ ತಯಾರಿಕೆ ನಿಂತು ಸಿಮ್800 ಬಂತು. ಎರಡೂ 2ಜಿ ಮಾತ್ರ.
3. ಮಾಡಿದವರು ಹೋಗ್ತಾರೆ. ಕಂಪನಿ ಮುಚ್ಚಿದರೆ ಪ್ರೋಗ್ರಾಂ ಸಿಗಲ್ಲ. ಆ್ಯಪ್ ಮೂಲಕವೇ ಓಡುವ ಬಾಕ್ಸ್ ಆದರೆ, ಸರ್ವರ್ ನಿಂತ ದಿನವೇ ಆ್ಯಪ್‌ನ ಆನ್-ಆಫ್ ಕೂಡ ನಿಂತಂತೆ.

ಕೆಟ್ಟಾಗ ಮೊದಲು ಏನು ನೋಡಬೇಕು?

*ಸಿಮ್:* ಸಿಮ್ ತೆಗೆದು ಫೋನಿಗೆ ಹಾಕಿ, ಕರೆ ಬರುತ್ತಾ ನೋಡಿ. 90 ದಿನ ಬಳಸದ ನಂಬರನ್ನು ಕಂಪನಿ ನಿಲ್ಲಿಸಬಹುದು. ಪ್ರೀಪೇಡ್‌ನಲ್ಲಿ ಕನಿಷ್ಠ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಇನ್ನೂ 30 ದಿನ ಸಿಗುತ್ತೆ. ಮಳೆಗಾಲದಲ್ಲಿ ಮೋಟರ್ ಓಡಿಸದಿದ್ದರೂ ತಿಂಗಳಿಗೊಂದು ಸಲ ಕರೆ ಮಾಡಿ.

*ಪೋರ್ಟ್:* ರೀಚಾರ್ಜ್ ಕಡಿಮೆ ಅಂತ ನಂಬರನ್ನು ಜಿಯೋಗೆ ಪೋರ್ಟ್ ಮಾಡಿಸಿದ್ರಾ? ಜಿಯೋ 2016ರಲ್ಲಿ ಶುರುವಾಗಿದ್ದೇ 4ಜಿಯಲ್ಲಿ, ಅದಕ್ಕೆ 2ಜಿ ಇಲ್ಲ. ಫೋನಿನಲ್ಲಿ ಆ ಸಿಮ್ ಚೆನ್ನಾಗಿ ನಡೆಯುತ್ತೆ, 2ಜಿ ಬಾಕ್ಸಿನಲ್ಲಿ ನಡೆಯಲ್ಲ. ಇಲ್ಲಿ ಬಾಕ್ಸ್ ಕೆಟ್ಟೇ ಇರಲ್ಲ.

*ಕೆಪಾಸಿಟರ್:* ಸಿಗ್ನಲ್ ಇದೆ, ಆದರೆ ರಿಂಗ್ ಆದ ಕೂಡಲೇ ಬಾಕ್ಸ್ ಆಫ್ ಆಗಿ ಮತ್ತೆ ಆನ್ ಆಗುತ್ತೆ ಅಂದ್ರೆ ಇದರ ಮೇಲೆ ಅನುಮಾನ ಪಡಿ. 2ಜಿ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಕ್ಷಣಮಾತ್ರ 2 ಆಂಪಿಯರ್ ತನಕ ಎಳೆಯುತ್ತೆ. ಕೆಪಾಸಿಟರ್ ಸೋತಿದ್ದರೆ ಅಷ್ಟು ಕೊಡಲಾಗದೆ ಬಾಕ್ಸ್ ರೀಸೆಟ್ ಆಗುತ್ತೆ. ರಿಪೇರಿ ಮಾಡುವವರಿಗೆ "ಅದೇ ಅಳತೆಯದ್ದು, 105 ಡಿಗ್ರಿಯದ್ದು ಹಾಕಿ" ಅಂತ ಹೇಳಿ. ಚಿಲ್ಲರೆ ದುಡ್ಡಿನ ಕೆಲಸ. ಶಾಖ 10 ಡಿಗ್ರಿ ಏರಿದರೆ ಕೆಪಾಸಿಟರ್ ಆಯಸ್ಸು ಅರ್ಧ ಅನ್ನೋದು ನಮ್ಮ ಕಸುಬಿನ ಲೆಕ್ಕ. ಆದ್ದರಿಂದ ಬಾಕ್ಸಿಗೆ ನೆರಳು ಮಾಡಿಕೊಡಿ.

ಚೆನ್ನಾಗಿರುವಾಗಲೇ ಮಾಡಿಡಬೇಕಾದ್ದು

- ಫೋಟೋ: ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಎದುರಿಗಿದ್ದಾಗ ಬಾಕ್ಸಿನ ವೈರಿಂಗ್, ಬೋರ್ಡಿನ ಎರಡೂ ಬದಿ, ಮಾಡೆಲ್ ನಂಬರ್ ಫೋಟೋ ತೆಗೀರಿ. ಒಳಗೆ 415 ವೋಲ್ಟ್ ಇರುತ್ತೆ, ಒಬ್ಬರೇ ಕೈ ಹಾಕಬೇಡಿ.
- ಸೆಟ್ಟಿಂಗ್: ಪಾಸ್‌ವರ್ಡ್, ನೋಂದಾಯಿಸಿದ ನಂಬರ್, ಓವರ್‌ಲೋಡ್ ಮತ್ತು ಡ್ರೈ ರನ್ ಆಂಪಿಯರ್ ಒಂದು ಚೀಟಿಯಲ್ಲಿ ಬರೆದಿಡಿ. ಕೈಪಿಡಿ ಇದ್ದರೆ ಅದರ ಫೋಟೋನೂ ಇರಲಿ.
- ಮ್ಯಾನುಯಲ್–ಆಟೋ ಸ್ವಿಚ್: ಬಾಕ್ಸ್ ಸತ್ತರೂ ಹಸಿರು ಬಟನ್ ಒತ್ತಿ ಮೋಟರ್ ಓಡಿಸುವ ದಾರಿ ಇರಲೇಬೇಕು. ಎಲ್ಲಕ್ಕಿಂತ ಮುಖ್ಯ ಇದೇ.
- ಒಂದು ಸ್ಪೇರ್: ಅಕ್ಕಪಕ್ಕದ ನಾಲ್ಕೈದು ಜನ ಒಂದೇ ಮಾಡೆಲ್ ಹಾಕಿದ್ದರೆ ಎಲ್ಲರೂ ಸೇರಿ ಒಂದು ಬಾಕ್ಸ್ ಹೆಚ್ಚಿಗೆ ತಗೊಂಡಿಡಿ. ಆರು ತಿಂಗಳಿಗೊಮ್ಮೆ ಕರೆಂಟ್ ಕೊಟ್ಟು ಪರೀಕ್ಷೆ ಮಾಡಿ. ಕೆಟ್ಟ ಬೋರ್ಡನ್ನೂ ಗುಜರಿಗೆ ಹಾಕಬೇಡಿ, ಅದರ ರಿಲೇ, ಟ್ರಾನ್ಸ್‌ಫಾರ್ಮರ್ ಇನ್ನೊಂದಕ್ಕೆ ಆಗುತ್ತೆ.

ಒಂದು ಎಚ್ಚರಿಕೆ. ಬಾಕ್ಸ್ ಬೈಪಾಸ್ ಮಾಡುವಾಗ ಓವರ್‌ಲೋಡ್ ರಿಲೇಯನ್ನೂ ಬೈಪಾಸ್ ಮಾಡಿಬಿಡೋರು ಇದ್ದಾರೆ. ಬಾಕ್ಸ್ ಉಳಿಸೋಕೆ ಹೋಗಿ ಮೋಟರ್ ಸುಟ್ಟರೆ ಪೈಪ್ ಎತ್ತಿಸುವ ಖರ್ಚು, ರಿವೈಂಡಿಂಗ್ ಖರ್ಚು ಎರಡೂ ನಿಮ್ಮ ತಲೆ ಮೇಲೆ. ಹಳೇ ಬಾಕ್ಸೇ ಡ್ರೈ ರನ್ ಕಾಯುತ್ತಿದ್ದರೆ, ಬೈಪಾಸ್‌ನಲ್ಲಿ ಓಡಿಸುವಾಗ ಬೋರಿನಲ್ಲಿ ನೀರು ಎಷ್ಟು ಹೊತ್ತು ಬರುತ್ತೆ ಅಂತ ನೋಡಿಕೊಂಡೇ ಓಡಿಸಿ.

ಹೊಸದು ಕೊಳ್ಳುವಾಗ ಕೇಳಿ

1. ಇದು 4ಜಿನಾ? ರಿಂಗ್‌ನಿಂದ ಆನ್ ಆಗೋದಾದರೆ ವೋಲ್ಟಿ ಕರೆ ತಗೊಳ್ಳುತ್ತಾ?
2. ಆ್ಯಪ್ ಇಲ್ಲದೆ, ಕರೆ ಅಥವಾ ಎಸ್‌ಎಂಎಸ್‌ನಿಂದಲೂ ನಡೆಯುತ್ತಾ?
3. ಮಾಡ್ಯೂಲ್ ಮಾತ್ರ ಬಿಚ್ಚಿ ಬದಲಿಸಬಹುದಾ, ಇಲ್ಲ ಇಡೀ ಬೋರ್ಡೇ ಬದಲಿಸಬೇಕಾ?
4. ಎಷ್ಟು ವರ್ಷ ಬಿಡಿಭಾಗ ಕೊಡ್ತೀರಿ? ಬಿಲ್ ಮೇಲೆ ಬರೆದು ಕೊಡ್ತೀರಾ?

ನಾಲ್ಕನೇ ಪ್ರಶ್ನೆ ಕೇಳೋಕೆ ಸಂಕೋಚ ಬೇಡ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸೋಕೆ ಸಮಿತಿ ಮಾಡಿದಾಗ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು.

ಹಳೇ ಬಾಕ್ಸ್ ನಡೀತಿದ್ದರೆ ಇವತ್ತೇ ಬದಲಿಸಬೇಕಿಲ್ಲ. ಆದರೆ ಈ ಭಾನುವಾರ ಎರಡು ಕೆಲಸ ಮಾಡಿ: ಸೆಟ್ಟಿಂಗ್ ಬರೆದು ಫೋಟೋ ತೆಗೆದು ಮನೆಯವರ ವಾಟ್ಸ್‌ಆ್ಯಪ್‌ಗೂ ಕಳಿಸಿ, ಮತ್ತೆ ಮ್ಯಾನುಯಲ್ ಸ್ವಿಚ್‌ನಲ್ಲಿ ಮೋಟರ್ ಒಂದು ಸಲ ಓಡಿಸಿ ನೋಡಿ. ಆನ್ ಆಗದಿದ್ದರೆ ಬೇಸಿಗೆಗೆ ಮುಂಚೆಯೇ ಎಲೆಕ್ಟ್ರಿಷಿಯನ್ ಕರೆಸಿ.