ಮುಚ್ಚಳವಿಲ್ಲದ ಸಂಪಿಗೆ ಬಿದ್ದರೆ ಹೊಣೆ ಯಾರದು?

ಪ್ರಶ್ನೆ: ಚನ್ನಪಟ್ಟಣದ ಅಂಗಡಿಯೊಂದರ ಅಂಗಳದಲ್ಲಿ ಮುಚ್ಚಳವಿಲ್ಲದ ಸಂಪಿಗೆ ಬಿದ್ದು ಅಮ್ಮನ ಕಾಲು ಮುರಿದಿದೆ. ‘ನೋಡಿಕೊಂಡು ನಡೆಯಬೇಕಿತ್ತು’ ಎನ್ನುತ್ತಾರೆ ಮಾಲೀಕರು. ಏನು ಮಾಡಲಿ?

ಉತ್ತರ: ಗಿರಾಕಿಗಳು ಓಡಾಡುವ ಜಾಗವನ್ನು ಸುರಕ್ಷಿತವಾಗಿಡುವುದು ಅದನ್ನು ನಡೆಸುವವರ ಹೊಣೆ. ನಿಮ್ಮ ತಾಯಿಯದೂ ಅಜಾಗರೂಕತೆ ಇತ್ತೆಂದು ಸಾಬೀತಾದರೆ ಪರಿಹಾರ ಕಡಿಮೆಯಾಗಬಹುದು. ಅಷ್ಟರಿಂದಲೇ ಹಕ್ಕು ಹೋಗುವುದಿಲ್ಲ.

ಸಂಪು ಮುಚ್ಚಿಸುವ ಮೊದಲೇ ಫೋಟೊ ತೆಗೆಯಿರಿ. ಕಂಡವರ ಹೆಸರು, ಫೋನ್ ನಂಬರ್ ಬರೆದಿಡಿ. ಸಿಸಿಟಿವಿ ದೃಶ್ಯ ಅಳಿಸದಂತೆ ಮಾಲೀಕರಿಗೆ ಲಿಖಿತವಾಗಿ ತಿಳಿಸಿ. ಆಸ್ಪತ್ರೆ ದಾಖಲೆಯಲ್ಲಿ ಬಿದ್ದ ಜಾಗ, ಕಾರಣ ನಮೂದಾಗಿದೆಯೇ ನೋಡಿ. ಬಿಲ್ಲು, ಎಕ್ಸ್‌ರೇ, ತಪ್ಪಿದ ಕೂಲಿಯ ಲೆಕ್ಕ ಜೋಪಾನ. ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವಿದೆ. ಚನ್ನಪಟ್ಟಣ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ. ಇಲ್ಲವೇ 15100ಕ್ಕೆ ಕರೆ ಮಾಡಿ. ಕನಕಪುರ, ಮಾಗಡಿಯವರು ತಮ್ಮ ತಾಲ್ಲೂಕಿನ ಸಮಿತಿಗೆ ಅರ್ಜಿ ಕೊಡಬಹುದು.

ಮೊದಲು ವಕೀಲರ ನೋಟಿಸ್ ಕೊಡಿಸಿ. ಮಾಲೀಕರು ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ. ಅದಕ್ಕೆ ಡಿಕ್ರಿಯಷ್ಟೇ ಬಲವಿದೆ. ಒಪ್ಪದಿದ್ದರೆ ಸಿವಿಲ್ ದಾವೆ; ಗಡುವು ಸಾಮಾನ್ಯವಾಗಿ 3 ವರ್ಷ. ಜಾಗ ನಗರಸಭೆಯದಾದರೆ ಗಡುವು ಇನ್ನೂ ಕಡಿಮೆ ಇರಬಹುದು, ಈ ವಾರವೇ ವಕೀಲರನ್ನು ಕಾಣಿ. ಅಲ್ಲಿಯವರೆಗೆ ಮಾಲೀಕರು ಹಣ ಕೊಡಲು ಬಂದರೂ ಯಾವ ಕಾಗದಕ್ಕೂ ಸಹಿ ಹಾಕಬೇಡಿ.