ಪೌಲನ ಮೇಲಂಗಿ: ನಾಯಕನು ಸಹಾಯ ಕೇಳುವುದು

ಬೈಬಲ್ ತೆಗೀರಿ, ಮೊಬೈಲ್‌ನಲ್ಲಾದ್ರೂ ಪರವಾಗಿಲ್ಲ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆ, 4ನೇ ಅಧ್ಯಾಯ. ಸಾಮಾನ್ಯವಾಗಿ ನಾವು 7, 8ನೇ ವಚನ ಓದಿ, ಓಟ, ಕಿರೀಟ ಅಂತ ಆಮೆನ್ ಹೇಳಿ ಮುಚ್ಚಿಬಿಡ್ತೀವಿ. ಅದರ ಕೆಳಗೆ ಬರೀ ಜನರ ಹೆಸರು, ಸಾಮಾನಿನ ಪಟ್ಟಿ ಅಂತ ಬಿಟ್ಟುಬಿಡೋ ಭಾಗದಲ್ಲೇ ಇವತ್ತಿನ ಪಾಠ ಇರೋದು.

ಪೌಲನು ರೋಮ್‌ನಲ್ಲಿ ಬೇಡಿಯಲ್ಲಿದ್ದಾನೆ. ಸಾವು ಹತ್ತಿರ ಬಂದಿದೆ ಅಂತ ಅವನಿಗೆ ಗೊತ್ತು. ದೇಮನು ಅವನನ್ನ ಬಿಟ್ಟು ಥೆಸಲೋನಿಕಕ್ಕೆ ಹೋದ. ಜೊತೆಗೆ ಉಳಿದವನು ಲೂಕ ಒಬ್ಬನೇ. ಆಗ ತಿಮೊಥೆಯನಿಗೆ ಪತ್ರ ಬರೆದು, ಚಳಿಗಾಲ ಶುರುವಾಗೋಕೆ ಮೊದಲೇ ಬರಬೇಕು ಅಂತ ಕೇಳ್ತಾನೆ. ಬರುವಾಗ ತ್ರೋವದಲ್ಲಿ ಕರ್ಪನ ಹತ್ತಿರ ಇಟ್ಟುಬಂದ ಮೇಲಂಗಿ ತರಬೇಕಂತೆ, ಪುಸ್ತಕಗಳು, ಚರ್ಮದ ಕಾಗದಗಳು ಕೂಡ.

ಸ್ವಲ್ಪ ಯೋಚನೆ ಮಾಡಿ. ಅಪೊಸ್ತಲರ ಕೃತ್ಯಗಳು 19ರಲ್ಲಿ, ಎಫೆಸದಲ್ಲಿ, ಇದೇ ಪೌಲನ ಮೈಗೆ ತಗಲಿದ ಬಟ್ಟೆಗಳನ್ನ ತಗೊಂಡು ಹೋದಾಗ ರೋಗಿಗಳು ಗುಣವಾದರು. ಅಂಥವನಿಗೆ ಈಗ ಹೊದ್ದುಕೊಳ್ಳೋಕೆ ಬಟ್ಟೆ ಬೇಕು. ಅಭಿಷೇಕ ಹೋಗಿಬಿಟ್ಟಿತ್ತಾ? ಇಲ್ಲ! 17ನೇ ವಚನ ನೋಡಿ, ಕರ್ತನು ತನ್ನ ಬಳಿಯಲ್ಲಿ ನಿಂತು ಬಲಪಡಿಸಿದ ಅಂತ ಸಾಕ್ಷಿ ಹೇಳ್ತಾನೆ. ಕರ್ತನು ಬಳಿಯಲ್ಲೇ ಇದ್ದಾನೆ, ಆದ್ರೂ ಪೌಲನಿಗೆ ಚಳಿ ಆಗುತ್ತೆ. ಎರಡೂ ಸತ್ಯ.

ನಮ್ಮ ಸೆಲ್ ಲೀಡರ್‌ಗಳನ್ನ "ಹೇಗಿದ್ದೀರಾ ಬ್ರದರ್?" ಅಂದ್ರೆ ಒಂದೇ ಉತ್ತರ: "ಪ್ರೇಯರ್ ಮಾಡಿ." ಏನಂತ ಮಾಡ್ಲಿ? ಹೇಳಲ್ಲ. ಮನೆ ಬಾಡಿಗೆ ಕಟ್ಟೋಕಾಗಿಲ್ಲ, ನೈಟ್ ಶಿಫ್ಟ್ ಮುಗಿಸಿ ನಿದ್ದೆ ಇಲ್ಲದೆ ಸಂದೇಶ ತಯಾರಿ ಮಾಡ್ತಿದ್ದಾರೆ, ಯಾರಿಗೂ ಗೊತ್ತಿಲ್ಲ. ಪ್ರಾರ್ಥನೆ ಕೇಳೋದು ಒಳ್ಳೇದೇ, ಆದ್ರೆ ಕೆಲವೊಮ್ಮೆ ಅದರ ಹಿಂದೆ ನಾವು ಅವಿತುಕೊಳ್ತೀವಿ. ಪೌಲನು ಯಾರು, ಏನು, ಎಲ್ಲಿಂದ, ಯಾವಾಗ, ಎಲ್ಲಾ ಬಿಡಿಸಿ ಕೇಳಿದ. ಇಷ್ಟು ಸ್ಪಷ್ಟವಾಗಿ ಕೇಳಿದ್ರೆ ಎದುರಿನವರು ಆಗಲ್ಲ ಅನ್ನಬಹುದು. ಆ ಭಯಕ್ಕೇ ನಾವು ಮೊಗಮ್ಮಾಗಿ ಮಾತಾಡೋದು.

ಹಾಗಂತ ಕೆಲಸ ತಳ್ಳೋದು ಸಹಾಯ ಕೇಳಿದ ಹಾಗಲ್ಲ. ಶನಿವಾರ ರಾತ್ರಿ ಹನ್ನೊಂದಕ್ಕೆ ಗ್ರೂಪ್‌ನಲ್ಲಿ "ನಾಳೆ ಪಿಪಿಟಿ ಯಾರಾದ್ರೂ ಮಾಡಿ" ಅಂತ ಹಾಕೋದನ್ನ ಪೌಲನ ತಲೆಗೆ ಕಟ್ಟಬೇಡಿ! 12ನೇ ವಚನದಲ್ಲಿ ತುಖಿಕನನ್ನ ಎಫೆಸಕ್ಕೆ ಕಳಿಸಿದ್ದೇನೆ ಅಂತಾನೆ. ತಿಮೊಥೆಯನ ಜಾಗದಲ್ಲಿ ಸೇವೆ ನೋಡಿಕೊಳ್ಳೋಕೆ ಅಂತ ಅನೇಕ ವ್ಯಾಖ್ಯಾನಕಾರರು ಹೇಳ್ತಾರೆ. ಹಾಗಿದ್ರೆ, ಕರೆಯೋ ಮೊದಲೇ ಅವನ ಭಾರದ ಬಗ್ಗೆಯೂ ಯೋಚಿಸಿದ್ದಾನೆ.

ಈಗ 11ನೇ ವಚನ. ಮಾರ್ಕನನ್ನ ಕರೆದುಕೊಂಡು ಬಾ ಅಂತ ಕೇಳ್ತಾನೆ, ಸೇವೆಗೆ ಅವನು ಉಪಯೋಗವಾದವನು ಅಂತ. ಯಾವ ಮಾರ್ಕ? ಮೊದಲ ಪ್ರಯಾಣದಲ್ಲಿ ಅರ್ಧದಾರಿಗೇ ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದವನು. ಅವನನ್ನ ಮತ್ತೆ ಸೇರಿಸಿಕೊಳ್ಳಲ್ಲ ಅಂತ ಪೌಲ ಹಟ ಹಿಡಿದದ್ದಕ್ಕೆ ಬಾರ್ನಬನ ಜೊತೆ ಜಗಳವಾಗಿ ಇಬ್ಬರೂ ಬೇರೆಯಾದರು. ಕೊಲೊಸ್ಸೆಯವರಿಗೆ ಬರೆಯೋ ಹೊತ್ತಿಗೆ ಮಾರ್ಕನು ಮತ್ತೆ ಜೊತೆಯಲ್ಲಿದ್ದ. ಕಡೆಯ ದಿನಗಳಲ್ಲಿ ಪೌಲನು ಹೆಸರು ಹೇಳಿ ಅವನನ್ನೇ ಕರೆಸ್ತಾನೆ. ಬೇಡ ಅನ್ನಿಸಿಕೊಂಡಿದ್ದವನಿಗೆ ಆ ಸುದ್ದಿ ತಲುಪಿದಾಗ ಹೇಗನಿಸಿರಬೇಕು?

ನಿಮ್ಮ ಟೀಮ್‌ನಲ್ಲೂ ಒಬ್ಬ ಮಾರ್ಕ ಇರಬಹುದು. ಪ್ರಾಕ್ಟೀಸ್‌ಗೆ ಬರಲ್ಲ ಅಂತ ತೆಗೆದುಹಾಕಿದ ತಮ್ಮ, ಸಂಡೇ ಸ್ಕೂಲ್ ಮಧ್ಯದಲ್ಲಿ ಬಿಟ್ಟ ಸಿಸ್ಟರ್. ಹಿಂದಿನ ಸಾಲಲ್ಲಿ ಕೂತು ಆರಾಧನೆ ಮುಗಿದ ತಕ್ಷಣ ಹೊರಟುಹೋಗ್ತಾರೆ. ಅವರಿಗೆ ಬುದ್ಧಿವಾದ ಬೇಕಾಗಿಲ್ಲ, "ನನಗೆ ನಿನ್ನ ಸಹಾಯ ಬೇಕು" ಅಂತ ಒಬ್ಬರು ಹೇಳಬೇಕು.

ಎಲ್ಲರೂ ಕಣ್ಣು ಮುಚ್ಚಿ. ಪವಿತ್ರಾತ್ಮನು ಯಾರ ಹೆಸರು ನೆನಪಿಗೆ ತರ್ತಾನೋ, ಇವತ್ತು ಮಧ್ಯಾಹ್ನ ಊಟಕ್ಕೆ ಕೂರೋ ಮೊದಲು ಅವರಿಗೆ ಫೋನ್ ಮಾಡಿ. ಮೆಸೇಜ್ ಬೇಡ. ಏನು ಬೇಕು, ಯಾವಾಗ ಬೇಕು ಹೇಳಿ. ವರ್ಷಿಪ್ ಟೀಮ್ ಮುಂದೆ ಬನ್ನಿ, ಪ್ರಾರ್ಥನೆ ಮಾಡೋಣ.