ಕಪಾಟಿನ ಬೆನ್ನಿಗೆ ಎಕ್ಸ್ ಯಾಕೆ?

ಹಾಸ್ಟೆಲ್ ರೂಮಿನ ಕಬ್ಬಿಣದ ರ‍್ಯಾಕನ್ನು ಪಕ್ಕದಿಂದ ಸ್ವಲ್ಪ ತಳ್ಳಿ ನೋಡಿ. ಅಲ್ಲಾಡುತ್ತೆ ಅಲ್ವಾ? ನಟ್ಟು ಎಷ್ಟು ಬಿಗಿ ಮಾಡಿದ್ರೂ ತಿಂಗಳಲ್ಲಿ ಮತ್ತೆ ಅದೇ ಕಥೆ.

ಈಗ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ವಿನ್ಯಾಸ ಮಾಡಿದ ಕಪಾಟು ನೋಡೋಣ. ಹೆಸರು ಈಮ್ಸ್ ಸ್ಟೋರೇಜ್ ಯೂನಿಟ್. 1950ರಲ್ಲಿ ಹರ್ಮನ್ ಮಿಲ್ಲರ್ ಕಂಪನಿ ಮಾರಾಟಕ್ಕೆ ತಂದಿತು. ಸ್ಟೀಲ್ ಆಂಗಲ್‌ಗಳ ಚೌಕಟ್ಟು, ಪ್ಲೈವುಡ್ ಶೆಲ್ಫು, ಬಣ್ಣಬಣ್ಣದ ಹಲಗೆಗಳು. ಹಲಗೆ ಇಲ್ಲದ ಕಡೆ ಎಕ್ಸ್ ಆಕಾರದಲ್ಲಿ ಎರಡು ತೆಳ್ಳನೆ ಸ್ಟೀಲ್ ಸರಳು. ನೋಡಿದ ತಕ್ಷಣ ಅಲಂಕಾರ ಅನ್ನಿಸುತ್ತೆ, ಅಲ್ಲ.

ಮೆಕ್ಯಾನಿಕ್ಸ್ ಕ್ಲಾಸಿನ ಟ್ರಸ್ ನೆನಪಿಸಿಕೊಳ್ಳಿ. ಜಾಯಿಂಟ್ 4 ಇದ್ದರೆ ಮೆಂಬರ್ 5 ಬೇಕು (4ರ ಎರಡರಷ್ಟು 8, ಅದರಲ್ಲಿ 3 ಕಳೆಯಿರಿ). ಆಯತದಲ್ಲಿ ಇರೋದು 4 ಮಾತ್ರ, ಅದಕ್ಕೇ ವಾಲುತ್ತೆ. ಒಂದು ಕರ್ಣ ಹಾಕಿದರೆ ಎರಡು ತ್ರಿಕೋನ ಆಗಿ ಗಟ್ಟಿಯಾಗುತ್ತೆ. ಹಾಗಾದ್ರೆ ಎರಡು ಸರಳು ಯಾಕೆ? ತೆಳ್ಳನೆ ಸರಳು ಎಳೆತ ತಡೆಯುತ್ತೆ, ಒತ್ತಿದರೆ ಬಾಗಿಬಿಡುತ್ತೆ. ಎಡಕ್ಕೆ ತಳ್ಳಿದಾಗ ಒಂದು ದುಡಿಯುತ್ತೆ, ಬಲಕ್ಕೆ ತಳ್ಳಿದಾಗ ಇನ್ನೊಂದು. ಹಲಗೆ ಇರುವ ಕಡೆ ಆ ಕೆಲಸವನ್ನ ಹಲಗೆಯೇ ಮಾಡುತ್ತೆ.

1949ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿಕೊಂಡ ತಮ್ಮ ಮನೆಯಲ್ಲೂ ಅವರು ಇಂಥದೇ ಎಕ್ಸ್‌ಗಳನ್ನ ಎಲ್ಲರಿಗೂ ಕಾಣೋ ಹಾಗೆ ಬಿಟ್ಟಿದ್ದಾರೆ. ನನಗೆ ಇಷ್ಟ ಆಗೋದು ಅದೇ. ಕಪಾಟು ಮಾತ್ರ ಆಗ ಹೆಚ್ಚು ಓಡಲಿಲ್ಲ, 1955ಕ್ಕೆ ತಯಾರಿಕೆ ನಿಂತಿತು.

ನಿಮ್ಮ ರ‍್ಯಾಕಿಗೆ? ಹಿಂಬದಿಯ ಮೂಲೆಯಿಂದ ಮೂಲೆಗೆ ಎರಡು ಜಿಐ ತಂತಿ ಅಡ್ಡಡ್ಡ ಬಿಗಿಯಾಗಿ ಎಳೆದು ಕಟ್ಟಿ. ಒಂದೇ ಕಟ್ಟಿದರೆ ಒಂದು ಕಡೆಗೆ ವಾಲೋದು ಹಾಗೇ ಉಳಿಯುತ್ತೆ.